ನಡುವಯಸ್ಸಿನ ‘ಉಷ್ಣ’ವೂ ನಮ್ಮ ನಾರುಬೇರೂ

ಹುಡುಗಿ ಮೈನೆರೆದಾಗ ನಮ್ಮ ಮನೆಗಳಲ್ಲಿ ಎಷ್ಟೊಂದು ಉಪಚಾರ! ಬಾಣಂತಿಗಂತೂ ಎಣ್ಣೆ, ಬಿಸಿನೀರು, ಲೇಹ್ಯ, ಪಥ್ಯ ಎಲ್ಲಕ್ಕೂ ಒಂದು ಕ್ರಮವುಂಟು. ಅದೇ ಹೆಂಗಸಿಗೆ ನಲವತ್ತೈದು, ಐವತ್ತರ ಹೊತ್ತಿಗೆ ಮುಟ್ಟು ನಿಲ್ಲುವ ಕಾಲ ಬಂದಾಗ ಮಾತ್ರ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ. ಆಕೆಯೂ ಹೇಳುವುದಿಲ್ಲ, ಹೇಳಿದರೆ “ಉಷ್ಣ ಆಯ್ತ್ ಕಾಣಿ” ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಆ ಒಂದು ಮಾತಿನ ಹಿಂದೆ ಏನೆಲ್ಲ ಅಡಗಿದೆ, ಅದಕ್ಕೆಂದು ನಾವು ಮಾಡುವ ಮದ್ದುಗಳಲ್ಲಿ ಯಾವುದು ಹಿತ, ಯಾವುದು ಅಪಾಯ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇದು ಕಾಲೇಜಿನ ಪತ್ರಿಕೆಗೆ ತಕ್ಕ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಪದವಿ ತರಗತಿಯಲ್ಲಿ ಓದುವವರ ವಯಸ್ಸು ಹದಿನೆಂಟರಿಂದ ಇಪ್ಪತ್ತೊಂದು. ಅವರ ತಾಯಂದಿರಲ್ಲಿ ಹೆಚ್ಚಿನವರು ಈಗ ಈ ಅವಸ್ಥೆಯ ಹೊಸ್ತಿಲಲ್ಲೇ ಇದ್ದಾರೆ. ಮನೆಯಲ್ಲಿ ಔಷಧದ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಓದಬಲ್ಲವರು ಅನೇಕ ಕಡೆ ಈ ಮಕ್ಕಳೇ. ಆದುದರಿಂದ ಇದನ್ನು ತಿಳಿಯಬೇಕಾದವರು ಮೊದಲು ಅವರೇ.

೧. ಇದು ರೋಗವೇ?

ಅಲ್ಲ. ಮುಟ್ಟು ಹನ್ನೆರಡನೆಯ ವರ್ಷದ ಮೇಲೆ ತೊಡಗಿ ಐವತ್ತರ ಸುಮಾರಿಗೆ ಕ್ಷೀಣಿಸುತ್ತದೆ ಎಂದು ಸುಶ್ರುತ ಸಂಹಿತೆಯಲ್ಲಿ ಹೇಳಿದೆ. ಪ್ರಾಚೀನ ಆಯುರ್ವೇದ ಗ್ರಂಥಗಳು ಇದನ್ನು ದೇಹದ ಸಹಜಧರ್ಮವೆಂದು ತಿಳಿದುವೇ ಹೊರತು ಬೇರೆ ವ್ಯಾಧಿಯೆಂದು ಎಣಿಸಲಿಲ್ಲ. ಇಂದಿನ ವೈದ್ಯಶಾಸ್ತ್ರದ ನಿಲುವೂ ಅದೇ. ಹನ್ನೆರಡು ತಿಂಗಳು ಸಾಲಾಗಿ ಮುಟ್ಟಾಗದಿದ್ದರೆ ಮುಟ್ಟು ನಿಂತಿತೆಂದು ಲೆಕ್ಕ. ಭಾರತದ ಹೆಂಗಸರಲ್ಲಿ ಇದು ಸರಾಸರಿ ೪೬-೪೭ನೆಯ ವಯಸ್ಸಿಗೆ ಆಗುತ್ತದೆ. ಪಶ್ಚಿಮ ದೇಶಗಳಲ್ಲಿ ೫೧ರ ಹತ್ತಿರ.

ಅದಕ್ಕಿಂತ ಕೆಲವು ವರ್ಷ ಮೊದಲೇ ಅಂಡಾಶಯಗಳ ಕೆಲಸ ಏರುಪೇರಾಗತೊಡಗುತ್ತದೆ. ಅವು ಸ್ರವಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನು ಒಮ್ಮೆ ಹೆಚ್ಚಿ ಒಮ್ಮೆ ತಗ್ಗಿ, ಕೊನೆಗೆ ಬಹಳ ಕಡಿಮೆಯಾಗುತ್ತದೆ. ಮೆದುಳಿನ ತಳದಲ್ಲಿ ಹೈಪೊಥಾಲಮಸ್ ಎಂಬ ಚಿಕ್ಕ ಭಾಗವುಂಟು. ದೇಹದ ಬಿಸಿಯನ್ನು ಹತೋಟಿಯಲ್ಲಿಡುವುದು ಅದರ ಕೆಲಸ. ಅಲ್ಲಿನ ಕೆಲವು ನರಕೋಶಗಳನ್ನು ಈಸ್ಟ್ರೊಜೆನ್ ಅಂಕೆಯಲ್ಲಿಟ್ಟಿರುತ್ತದೆ. ಅದು ತಗ್ಗಿದಾಗ ಆ ಕೋಶಗಳು ಅತಿಯಾಗಿ ಉದ್ರೇಕಗೊಂಡು, ದೇಹದ ಬಿಸಿ ಕೂದಲೆಳೆಯಷ್ಟು ಏರಿದರೂ ‘ಬಹಳ ಸೆಕೆಯಾಯಿತು’ ಎಂಬ ಸುಳ್ಳುಸುದ್ದಿಯನ್ನು ಹೊರಡಿಸುತ್ತವೆ. ಕೂಡಲೇ ಚರ್ಮದ ರಕ್ತನಾಳಗಳು ಹಿಗ್ಗಿ ಮುಖ, ಕುತ್ತಿಗೆ, ಎದೆ ಕೆಂಪೇರುತ್ತವೆ, ಬೆವರು ಸುರಿಯುತ್ತದೆ, ಎದೆ ಡವಗುಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಇಳಿದು ಮೈ ತಣ್ಣಗಾಗಿ ನಡುಕವೂ ಬರಬಹುದು. ವೈದ್ಯರು ಇದನ್ನು ಹಾಟ್ ಫ್ಲಶ್ ಎನ್ನುತ್ತಾರೆ. ನಾವು ಮೈಬಿಸಿ ಎನ್ನೋಣ.

ಈ ಮೈಬಿಸಿ ಕೆಲವರಿಗೆ ಬಾರದೆಯೇ ಇರಬಹುದು; ಕೆಲವರಿಗೆ ದಿನಕ್ಕೆ ಹತ್ತು ಸಲ ಬರಬಹುದು. ಅಮೆರಿಕದಲ್ಲಿ ಅನೇಕ ವರ್ಷ ನಡೆದು ೨೦೧೫ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಂತೆ, ಪದೇ ಪದೇ ಮೈಬಿಸಿ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತಲೂ ಹೆಚ್ಚು ಕಾಲ ಉಳಿಯಿತು. ಬೈಂದೂರಿನಿಂದ ಬ್ರಹ್ಮಾವರದ ತನಕ ನಮ್ಮ ಹವೆಯಂತೂ ನೀರು ತುಂಬಿದ ಹವೆ. ಚೈತ್ರ-ವೈಶಾಖದಲ್ಲಿ ಬೆವರು ಆರುವುದೇ ಇಲ್ಲ. ಬೆವರು ಆರಿದರಲ್ಲವೇ ಮೈ ತಂಪಾಗುವುದು? ಗೇರುಬೀಜದ ಕಾರ್ಖಾನೆಯಲ್ಲಿ ದಿನವಿಡೀ ಕುಳಿತು ಬೀಜ ಸುಲಿಯುವವಳು, ಗಂಗೊಳ್ಳಿಯ ಬಂದರಿನಿಂದ ಮೀನಿನ ಬುಟ್ಟಿ ಹೊರುವವಳು, ಹೊಗೆ ತುಂಬಿದ ಅಡಿಗೆಮನೆಯಲ್ಲಿ ನಿಂತವಳು, ಇವರಿಗೆಲ್ಲ ಹೊರಗಿನ ಸೆಕೆಯೊಂದಿಗೆ ಒಳಗಿನ ಸೆಕೆಯೂ ಕೂಡಿದರೆ ರಾತ್ರಿಯ ನಿದ್ರೆ ಕೆಟ್ಟು, ಹಗಲಿನ ಕೆಲಸ ಕೆಟ್ಟು, ಸಿಟ್ಟು ಬೇಸರಗಳು ಹೆಚ್ಚುವುದರಲ್ಲಿ ಆಶ್ಚರ್ಯವೇನು? ರೋಗವಲ್ಲ ಎಂದಮಾತ್ರಕ್ಕೆ ಕಷ್ಟವಲ್ಲವೆಂದು ಹೇಳಬಾರದು.

೨. ನಮ್ಮೂರ ತಂಪು

ಆಹಾರವನ್ನು ಉಷ್ಣವೆಂದೂ ತಂಪೆಂದೂ ವಿಂಗಡಿಸುವುದು ನಮ್ಮ ಅಡಿಗೆಮನೆಯ ಹಳೆಯ ಶಾಸ್ತ್ರ. ಮೈ ಉರಿ ಎಂದರೆ ಎಳನೀರು, ನೀರುಮಜ್ಜಿಗೆ, ಕುಚ್ಚಲಕ್ಕಿ ಗಂಜಿ, ರಾಗಿಯ ಮಣ್ಣಿ, ಒಂದೆಲಗದ ತಂಬುಳಿ, ಪುನರ್ಪುಳಿಯ ಸಾರು, ಲಾವಂಚದ ಬೇರು ಹಾಕಿಟ್ಟ ನೀರು, ಸೊಗದೆ ಬೇರಿನ ಶರಬತ್ತು, ಮೆಂತ್ಯದ ಗಂಜಿ. ಇವು ಮೈಬಿಸಿಯ ಮೂಲವನ್ನು ತಡೆಯುತ್ತವೆಂದು ಹೇಳಲು ಪ್ರಯೋಗದ ಆಧಾರ ಸಾಲದು. ಆದರೂ ಬೆವರಿ ಸೋತ ದೇಹಕ್ಕೆ ನೀರೂ ಲವಣವೂ ದೊರಕುತ್ತವೆ, ಬಾಯಿಗೆ ಹಿತವಾಗುತ್ತದೆ, ಚಹಾ ಕಾಫಿಗಳ ಲೆಕ್ಕ ಕಡಿಮೆಯಾಗುತ್ತದೆ. ಊಟದ ಪ್ರಮಾಣದಲ್ಲಿ ಇವನ್ನು ಸೇವಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮೂತ್ರಪಿಂಡದ ತೊಂದರೆಯಿದ್ದವರು ಎಳನೀರಿನ ವಿಷಯದಲ್ಲಿ, ಸಿಹಿಮೂತ್ರದವರು ಶರಬತ್ತಿನ ಸಕ್ಕರೆಯ ವಿಷಯದಲ್ಲಿ ಎಚ್ಚರಿಕೆಯಿಂದಿರಬೇಕು, ಅಷ್ಟೆ.

ಇನ್ನು ಮದ್ದೆಂದೇ ಬಳಸುವ ಬೇರುಗಳಿಗೆ ಬರೋಣ. ಕೋಟದ ಅಮೃತೇಶ್ವರಿ ದೇವಿಯನ್ನು ಭಕ್ತರು ‘ಹಲವು ಮಕ್ಕಳ ತಾಯಿ’ ಎಂದು ಕರೆಯುತ್ತಾರೆ. ಅದೇ ಹೆಸರಿನ ಮುಳ್ಳುಬಳ್ಳಿಯೊಂದು ನಮ್ಮ ಕಾಡು-ಬೇಲಿಗಳಲ್ಲಿ ಬೆಳೆಯುತ್ತದೆ. ಒಂದೇ ಬುಡಕ್ಕೆ ಬೆರಳುಗಳಂಥ ಗೆಡ್ಡೆಗಳು ಗೊಂಚಲುಗೊಂಚಲಾಗಿ ಅಂಟಿಕೊಂಡಿರುವುದರಿಂದ ಅದಕ್ಕೆ ‘ಹಲವು ಮಕ್ಕಳ ತಾಯಿ ಬೇರು’ ಎಂದು ಹೆಸರು, ಸಂಸ್ಕೃತದಲ್ಲಿ ಶತಾವರಿ. ಆಯುರ್ವೇದವು ಇದನ್ನು ಶೀತವೀರ್ಯದ ದ್ರವ್ಯವೆಂದೂ, ಬಾಣಂತಿಯ ಹಾಲನ್ನು ಹೆಚ್ಚಿಸುವುದೆಂದೂ ಹೇಳುತ್ತದೆ. ಈಚೆಗೆ ಮುಟ್ಟು ನಿಲ್ಲುವವರಿಗೆಂದು ಮಾರುವ ಪುಡಿ-ಗುಳಿಗೆಗಳಲ್ಲಿ ಇದಕ್ಕೇ ಅಗ್ರಸ್ಥಾನ. ಇದರ ಗೆಡ್ಡೆಯಲ್ಲಿ ಶತಾವರಿನ್ ಎಂಬ ಸ್ಯಾಪೊನಿನ್ ವರ್ಗದ ಪದಾರ್ಥಗಳಿವೆ. ಇದರಿಂದ ಕೇಡಾದ ವರದಿಗಳು ವಿರಳ. ಆದರೆ ಮೈಬಿಸಿಗೆ ಗುಣವೆಂದು ತೋರಿಸುವ ಪ್ರಯೋಗಗಳು ಸಣ್ಣವು, ಅಲ್ಪಕಾಲದವು. ಸ್ತನದ ಅಥವಾ ಗರ್ಭಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳತಕ್ಕದ್ದಲ್ಲ.

ಅಶ್ವಗಂಧದ ವಿಷಯವೂ ಹೀಗೆಯೇ. ಎಂಟು ವಾರಗಳ ಒಂದು ಪ್ರಯೋಗ ೨೦೨೧ರಲ್ಲಿ ಪ್ರಕಟವಾಗಿ, ಮುಟ್ಟು ನಿಲ್ಲುವ ಹೊತ್ತಿನ ಹೆಂಗಸರಿಗೆ ಅದರಿಂದ ಸ್ವಲ್ಪ ಹಿತವಾಯಿತೆಂದು ತಿಳಿಸಿತು. ಇನ್ನೊಂದು ಕಡೆ, ಅಶ್ವಗಂಧದ ಸಾರ ಸೇವಿಸಿದ ಕೆಲವರಿಗೆ ಕಾಮಾಲೆಯಾದ ವರದಿಗಳು ಹಲವು ದೇಶಗಳಿಂದ ಬಂದಿವೆ. ಅದು ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವುದೂ ಉಂಟು. ಡೆನ್ಮಾರ್ಕ್ ಸರಕಾರ ೨೦೨೩ರಲ್ಲಿ ಅದನ್ನು ಆಹಾರಪೂರಕಗಳಲ್ಲಿ ಬಳಸುವುದನ್ನೇ ನಿಷೇಧಿಸಿತು. ನಡುವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ಎಷ್ಟು ಮಂದಿ ಇದ್ದಾರೆಂದು ನೆನೆದರೆ ಈ ಎಚ್ಚರಿಕೆಯ ಮಹತ್ವ ತಿಳಿದೀತು.

೩. ‘ನನಗೆ ಗುಣವಾಯಿತು’ ಎಂಬುದು ಪ್ರಮಾಣವೇ?

ನೆರೆಮನೆಯ ಅಕ್ಕ “ನಾನು ತಿಂಗಳು ಕಾಲ ಕುಡಿದೆ, ಗುಣವಾಯಿತು” ಎನ್ನುತ್ತಾಳೆ. ಆಕೆ ಸುಳ್ಳು ಹೇಳುತ್ತಿಲ್ಲ. ಆದರೆ ಗುಣವಾದದ್ದು ಮದ್ದಿನಿಂದಲೇ ಎಂದು ಹೇಗೆ ತಿಳಿಯುವುದು? ಇದಕ್ಕಾಗಿ ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಜವಾದ ಮದ್ದನ್ನೂ ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿಮದ್ದನ್ನೂ ಕೊಡುವುದು. ಯಾರಿಗೆ ಯಾವುದು ಎಂದು ಕೊಡುವವನಿಗೂ ಕುಡಿಯುವವಳಿಗೂ ತಿಳಿಯದಂತೆ ಮಾಡುವುದು.

ಮೈಬಿಸಿಯ ವಿಷಯದಲ್ಲಿ ಇಂಥ ಪ್ರಯೋಗಗಳು ಒಂದು ವಿಚಿತ್ರವನ್ನು ತೋರಿಸಿದುವು. ಹಾರ್ಮೋನು ಚಿಕಿತ್ಸೆಯ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೦೪ರಲ್ಲಿ ಮಾಡಿದ ಒಂದು ಪರಾಮರ್ಶೆಯಂತೆ, ಹುಸಿಮದ್ದು ನುಂಗಿದವರಲ್ಲೂ ಮೈಬಿಸಿಯ ಸಂಖ್ಯೆ ಶೇಕಡಾ ೫೮ರಷ್ಟು ಇಳಿಯಿತು! ಮೈಬಿಸಿ ತಾನಾಗಿ ಏರಿ ತಾನಾಗಿ ಇಳಿಯುವ ಸ್ವಭಾವದ್ದು. ಬಹಳ ಹೆಚ್ಚಾದಾಗ ನಾವು ಮದ್ದಿಗೆ ಓಡುತ್ತೇವೆ, ಬಳಿಕ ಅದು ಹೇಗೂ ಇಳಿಯುತ್ತದೆ. ಯಾರೋ ನಮ್ಮ ಕಷ್ಟವನ್ನು ಕೇಳಿದರು, ಏನೋ ಕೊಟ್ಟರು ಎಂಬ ಸಮಾಧಾನವೂ ಸ್ವಲ್ಪ ಕೆಲಸಮಾಡುತ್ತದೆ. ಆದುದರಿಂದ ಒಂದು ಮದ್ದು ನಿಜವಾಗಿ ಮದ್ದೆನಿಸಬೇಕಾದರೆ ಹುಸಿಮದ್ದನ್ನು ಮೀರಿಸಬೇಕು. ಆ ಪ್ರಯೋಗಗಳಲ್ಲಿ ಹಾರ್ಮೋನು ಪಡೆದವರ ಮೈಬಿಸಿಯ ಸಂಖ್ಯೆ ಹುಸಿಮದ್ದಿನವರದ್ದಕ್ಕಿಂತಲೂ ಶೇಕಡಾ ೭೫ರಷ್ಟು ಕಡಿಮೆಯಾಗಿತ್ತು.

ಗಿಡಮೂಲಿಕೆಗಳು ಈ ಪರೀಕ್ಷೆಯಲ್ಲಿ ಹೇಗೆ ನಿಂತವು? ಉತ್ತರ ಅಮೆರಿಕದ ಮೂಲನಿವಾಸಿಗಳು ಬಳಸುತ್ತಿದ್ದ ಬ್ಲ್ಯಾಕ್ ಕೋಹೋಷ್ ಎಂಬ ಬೇರು ಜಗತ್ತಿನಲ್ಲೆಲ್ಲ ಹೆಸರಾದದ್ದು. ೧೮೭೫ರಲ್ಲಿ ಅಮೆರಿಕದ ಲಿಡಿಯಾ ಪಿಂಕ್‌ಹ್ಯಾಮ್ ಎಂಬಾಕೆ ಇದನ್ನೂ ಇತರ ಮೂಲಿಕೆಗಳನ್ನೂ ಸೇರಿಸಿ ಹೆಂಗಸರ ಮದ್ದೆಂದು ಮಾರತೊಡಗಿದಳು. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಮದ್ಯಸಾರವೇ ಇದ್ದಿತು. ಇಂದು ಅದೇ ಬೇರಿನ ಗುಳಿಗೆಗಳು ನಮ್ಮ ಊರಿನ ಅಂಗಡಿಗಳಿಗೂ ಬಂದಿವೆ. ೩೫೧ ಮಂದಿ ಹೆಂಗಸರ ಮೇಲೆ ಒಂದು ವರ್ಷ ನಡೆಸಿ ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಅದೇ ವರ್ಷ ಆಸ್ಟ್ರೇಲಿಯಾ ಸರಕಾರ ಅದರ ಡಬ್ಬಿಗಳ ಮೇಲೆ ‘ಯಕೃತ್ತಿಗೆ ಹಾನಿಯಾಗಬಹುದು’ ಎಂಬ ಎಚ್ಚರಿಕೆ ಮುದ್ರಿಸಬೇಕೆಂದು ವಿಧಿಸಿತು. ಚೀನದ ಡಾಂಗ್ ಕ್ವಾಯ್ ಎಂಬ ಬೇರನ್ನು ೧೯೯೭ರಲ್ಲಿ ೭೧ ಮಂದಿಯ ಮೇಲೆ ಪರೀಕ್ಷಿಸಿದಾಗಲೂ ಫಲ ಸೊನ್ನೆ.

ಸೋಯಾ ಅವರೆಯ ಕತೆ ಸ್ವಲ್ಪ ಬೇರೆ. ಅದರಲ್ಲಿ ಈಸ್ಟ್ರೊಜೆನ್ನಿನ ದುರ್ಬಲ ಅನುಕರಣೆ ಮಾಡುವ ಐಸೊಫ್ಲೇವೋನ್ ಎಂಬ ಪದಾರ್ಥಗಳಿವೆ. ಅದರಲ್ಲೊಂದನ್ನು ಕರುಳಿನ ಕೆಲವು ಸೂಕ್ಷ್ಮಜೀವಿಗಳು ಈಕ್ವೋಲ್ ಎಂಬುದಾಗಿ ಮಾರ್ಪಡಿಸುತ್ತವೆ. ಆ ಜೀವಿಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಒಬ್ಬಳಿಗೆ ಹಿತವಾದದ್ದು ಇನ್ನೊಬ್ಬಳಿಗೆ ಆಗದಿರಲು ಇದೂ ಒಂದು ಕಾರಣವಿರಬಹುದು. ಒಟ್ಟಿನಲ್ಲಿ ಉತ್ತರ ಅಮೆರಿಕದ ಮೆನೊಪಾಸ್ ಸೊಸೈಟಿ ೨೦೨೩ರಲ್ಲಿ ಎಲ್ಲ ಪ್ರಯೋಗಗಳನ್ನೂ ತೂಗಿನೋಡಿ, ಸೋಯಾ ಸಾರ, ಬ್ಲ್ಯಾಕ್ ಕೋಹೋಷ್ ಮೊದಲಾದ ಯಾವುದನ್ನೂ ಮೈಬಿಸಿಗೆ ಶಿಫಾರಸು ಮಾಡಲಾಗದೆಂದು ತೀರ್ಮಾನಿಸಿತು.

೪. ಅಪಾಯ ಬರುವ ನಾಲ್ಕು ದಾರಿಗಳು

“ಗುಣವಾಗದಿದ್ದರೆ ಬೇಡ, ನಾರುಬೇರಿನಿಂದ ಕೇಡಂತೂ ಆಗದಷ್ಟೆ” ಎಂಬ ಮಾತು ನಮ್ಮಲ್ಲಿ ರೂಢವಾಗಿದೆ. ನಮ್ಮ ಗುಡ್ಡದಲ್ಲೇ ಬೆಳೆಯುವ ಕಾಸರಕನ ಬೀಜ, ಬೇಲಿಯಲ್ಲಿರುವ ಗುಲಗಂಜಿ, ಇವೂ ನಾರುಬೇರುಗಳೇ; ಇವುಗಳ ವಿಷವನ್ನು ಹಳ್ಳಿಯ ಮಕ್ಕಳೂ ಬಲ್ಲರು. ಗಿಡದಿಂದ ಬಂದದ್ದು ಎಂಬುದರಿಂದ ಮಾತ್ರ ಯಾವುದೂ ನಿರಪಾಯವಾಗುವುದಿಲ್ಲ. ಅಪಾಯ ಬರುವುದು ಮುಖ್ಯವಾಗಿ ನಾಲ್ಕು ದಾರಿಗಳಿಂದ.

ಮೊದಲನೆಯದು, ಗಿಡ ತಪ್ಪುವುದು. ಆಷಾಢದ ಅಮಾವಾಸ್ಯೆಯಂದು ನಸುಕಿನಲ್ಲಿ ಹಾಲೆ ಮರದ ಕೆತ್ತೆ ತಂದು ಕಷಾಯ ಕುಡಿಯುವ ರೂಢಿ ಕರಾವಳಿಯಲ್ಲಿದೆ. ಕತ್ತಲಲ್ಲಿ ಬೇರೆ ಮರದ ತೊಗಟೆ ತಂದು ಅಪಾಯಕ್ಕೆ ಸಿಕ್ಕಿದವರ ಸುದ್ದಿಯೂ ಕೇಳಿಬಂದದ್ದುಂಟು. ಹೆಂಗಸರ ತೊಂದರೆಗಳಿಗೆ ಹೆಸರಾದ ಅಶೋಕದ ತೊಗಟೆಯ ಪಾಡೂ ಹೀಗೆಯೇ. ಕೆಂಪು ಕಿತ್ತಳೆಯ ಹೂಗೊಂಚಲು ಬಿಡುವ ನಿಜವಾದ ಅಶೋಕ ಪಶ್ಚಿಮಘಟ್ಟದಲ್ಲಿ ವಿರಳವಾಗುತ್ತ ಬಂದಿದೆ. ಶಾಲೆ ಕಚೇರಿಗಳ ಮುಂದೆ ಕಂಬದಂತೆ ನೆಟ್ಟಗೆ ನಿಲ್ಲುವ ಇನ್ನೊಂದು ಮರವನ್ನೂ ಜನ ಅಶೋಕವೆಂದೇ ಕರೆಯುತ್ತಾರೆ; ಅದರ ತೊಗಟೆಯನ್ನು ನಿಜವಾದುದರಲ್ಲಿ ಬೆರೆಸುವುದು ವ್ಯಾಪಾರದಲ್ಲಿ ಸಾಮಾನ್ಯ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇಂಥಲ್ಲಿ ಸಸ್ಯಶಾಸ್ತ್ರದ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಉಡುಪಿಯ ಪ್ರಾಧ್ಯಾಪಕ ಡಾ. ಕೆ. ಗೋಪಾಲಕೃಷ್ಣ ಭಟ್ಟರು ೨೦೦೩ರಲ್ಲಿ ಪ್ರಕಟಿಸಿದ ಉಡುಪಿ ಪ್ರದೇಶದ ಸಸ್ಯಸಂಪತ್ತಿನ ಗ್ರಂಥ ನಮ್ಮ ಕೈಯಳತೆಯಲ್ಲೇ ಇದೆ.

ಎರಡನೆಯದು, ಪ್ರಮಾಣ ಮೀರುವುದು. ಘಟ್ಟದ ಬುಡದಲ್ಲಿ ಬೆಳೆಯುವ ಉಪ್ಪಾಗೆಯನ್ನು ತೆಗೆದುಕೊಳ್ಳಿರಿ. ಅದರ ಒಣಗಿದ ಸಿಪ್ಪೆಯನ್ನು ಹುಳಿಗಾಗಿ ಸಾರು, ಮೀನಿನ ಪದಾರ್ಥಗಳಿಗೆ ಹಾಕಿ ತಲೆತಲಾಂತರದಿಂದ ಉಂಡಿದ್ದೇವೆ. ಅದೇ ಸಿಪ್ಪೆಯ ಸಾರವನ್ನು ಗಟ್ಟಿಮಾಡಿ ಮೈಕರಗಿಸುವ ಗುಳಿಗೆಯೆಂದು ಪರದೇಶಗಳಲ್ಲಿ ಮಾರಿದಾಗ ಯಕೃತ್ತು ಕೆಟ್ಟವರ ವರದಿಗಳು ಬಂದುವು. ಮುಟ್ಟು ನಿಲ್ಲುವ ಕಾಲದಲ್ಲಿ ಸೊಂಟದ ಸುತ್ತ ಮೈ ಬೆಳೆಯುವುದರಿಂದ ಇಂಥ ಗುಳಿಗೆಗಳ ಜಾಹೀರಾತಿಗೆ ನಮ್ಮ ಹೆಂಗಸರೂ ಮರುಳಾಗುತ್ತಾರೆ. ಒಂದು ಚೂರು ಸಿಪ್ಪೆ ಅಡಿಗೆಯ ವಸ್ತು. ದಿನಕ್ಕೆ ಮೂರು ಸಲ ನುಂಗುವ ಅದರ ಸಾರ ಔಷಧ. ಔಷಧವನ್ನು ಔಷಧದಂತೆಯೇ ಕಾಣಬೇಕು.

ಅಮೃತಬಳ್ಳಿಯ ವಿಷಯದಲ್ಲಿ ಈ ಎರಡು ದಾರಿಗಳೂ ಕೂಡಿದುವು. ೨೦೨೦ರ ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. ೨೦೨೧ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸಿ ಯಕೃತ್ತಿನ ಉರಿಯೂತವಾದ ಆರು ಮಂದಿಯ ವಿಚಾರ ಪ್ರಕಟಿಸಿದರು. ೨೦೨೨ರಲ್ಲಿ ದೇಶದ ಹದಿಮೂರು ಕೇಂದ್ರಗಳ ವೈದ್ಯರು ೪೩ ಮಂದಿಯ ವಿಚಾರ ಪ್ರಕಟಿಸಿದರು. ಕೇಂದ್ರ ಸರಕಾರದ ಆಯುಷ್ ಇಲಾಖೆ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನು ಹೋಲುವ ಇನ್ನೊಂದು ಬಳ್ಳಿಯುಂಟು, ಕೇಡಾದದ್ದು ಅದರಿಂದಿರಬಹುದು ಎಂದು ಅದರ ವಾದ. ವಾದ ಯಾವ ಕಡೆಗೆ ತೀರಿದರೂ ಕುಡಿಯುವವಳಿಗೆ ದೊರೆಯುವ ಪಾಠ ಒಂದೇ: ಬಳ್ಳಿ ಯಾವುದೆಂದು ಖಚಿತವಿರಬೇಕು, ತಿಂಗಳುಗಟ್ಟಲೆ ಕುಡಿಯಬಾರದು, ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಊಟ ಸೇರದಿದ್ದರೆ ಆ ಕ್ಷಣವೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಮೂರನೆಯದು, ಇತರ ಔಷಧಗಳೊಂದಿಗೆ ಸೇರುವುದು. ಐವತ್ತರ ಹೆಂಗಸು ಒಂದಲ್ಲ ಒಂದು ಮಾತ್ರೆ ನುಂಗುವವಳೇ. ಜ್ಯೇಷ್ಠಮಧುವನ್ನು ದಿನವೂ ತಿಂದರೆ ದೇಹದಲ್ಲಿ ಉಪ್ಪುನೀರು ನಿಂತು, ಪೊಟ್ಯಾಸಿಯಮ್ ಇಳಿದು, ರಕ್ತದ ಒತ್ತಡ ಏರುತ್ತದೆ. ಒತ್ತಡದ ಮಾತ್ರೆ ತೆಗೆದುಕೊಳ್ಳುವವಳಿಗೆ ಇದು ಒಂದು ಕೈಯಿಂದ ಕಟ್ಟಿ ಇನ್ನೊಂದು ಕೈಯಿಂದ ಕೆಡವಿದಂತೆ. ಮೆಂತ್ಯದ ಪುಡಿ ಸಕ್ಕರೆಯನ್ನು ಇಳಿಸುತ್ತದೆ. ಸಿಹಿಮೂತ್ರದ ಮಾತ್ರೆಯೊಂದಿಗೆ ಅತಿಯಾದರೆ ಸಕ್ಕರೆ ತೀರ ಕುಸಿದು ಮೈ ಬೆವರಿ ನಡುಗುತ್ತದೆ, ಅದನ್ನೇ ಆಕೆ ಮೈಬಿಸಿಯೆಂದು ತಿಳಿದು ಇನ್ನಷ್ಟು ಮೆಂತ್ಯ ನುಂಗಿಯಾಳು! ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು, ಸ್ತನದ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರು ಯಾವ ಮೂಲಿಕೆಯನ್ನೂ ತಾವಾಗಿ ತೊಡಗಬಾರದು. ಟಮಾಕ್ಸಿಫೆನ್‌ನಿಂದಲೇ ಮೈಬಿಸಿ ಬರುವುದುಂಟು. ಅದನ್ನು ಚಿಕಿತ್ಸೆ ಕೊಟ್ಟ ವೈದ್ಯರಿಗೇ ಹೇಳಬೇಕು.

ನಾಲ್ಕನೆಯದು, ಕಲಬೆರಕೆ. ೨೦೦೪ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಬಾಸ್ಟನ್ ನಗರದ ಸುತ್ತಿನ ಅಂಗಡಿಗಳಿಂದ ದಕ್ಷಿಣ ಏಷ್ಯದ ೭೦ ಆಯುರ್ವೇದ ಸಿದ್ಧೌಷಧಗಳನ್ನು ಕೊಂಡು ಪರೀಕ್ಷಿಸಿದಾಗ ೧೪ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ದೊರೆಯಿತು. ನಮ್ಮಲ್ಲಿ ಕಾನೂನು ಇಲ್ಲದಿಲ್ಲ. ೧೯೪೦ರ ಔಷಧ ಕಾಯಿದೆಗೆ ೧೯೬೪ರಲ್ಲಿ ಆದ ತಿದ್ದುಪಡಿಯಿಂದ ಆಯುರ್ವೇದದ ಔಷಧಗಳೂ ಅದರ ಅಂಕೆಗೆ ಒಳಪಟ್ಟವು. ಡಬ್ಬಿಯ ಮೇಲೆ ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ಒಳಗಿರುವ ದ್ರವ್ಯಗಳ ಹೆಸರು ಇರಲೇಬೇಕು. ವಿಷದ್ರವ್ಯಗಳ ಪಟ್ಟಿಯಲ್ಲಿರುವ ಕಾಸರಕ, ವತ್ಸನಾಭಿಯಂಥವು ಸೇರಿದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದೆಂಬ ಎಚ್ಚರಿಕೆಯೂ ಇರಬೇಕು. ಮುಟ್ಟಿನ ದೋಷಗಳನ್ನು ಸರಿಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ೧೯೫೪ರ ಕಾಯಿದೆಯೊಂದು ನಿಷೇಧಿಸಿದೆ. ಹೆಸರಿಲ್ಲದ ಪುಡಿಯನ್ನು ಪೊಟ್ಟಣದಲ್ಲಿ ಕಟ್ಟಿಕೊಟ್ಟು “ಏನೆಂದು ಕೇಳಬೇಡಿ, ಗುಟ್ಟಿನ ಮದ್ದು” ಎನ್ನುವವನಿಂದ ದೂರವಿರುವುದೇ ಲೇಸು.

೫. ‘ಉಷ್ಣ’ದ ಲೆಕ್ಕಕ್ಕೆ ಹಾಕಬಾರದ ಚಿಹ್ನೆಗಳು

ಮೇಲಿನ ನಾಲ್ಕು ದಾರಿಗಳಿಗಿಂತಲೂ ದೊಡ್ಡ ಅಪಾಯ ಇನ್ನೊಂದಿದೆ. ಅದು ಮದ್ದಿನಲ್ಲಿಲ್ಲ, ಆ ಮದ್ದನ್ನು ನಂಬಿ ಕಳೆದುಹೋಗುವ ಕಾಲದಲ್ಲಿದೆ.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದು ತೊಟ್ಟೇ ಇರಲಿ, ಅದನ್ನು ‘ಉಷ್ಣಕ್ಕೆ ಹೋಯಿತು’ ಎನ್ನಲಾಗದು. ಹೆಚ್ಚಿನ ಸಲ ಕಾರಣ ಸಣ್ಣದೇ ಇದ್ದೀತು. ಆದರೆ ಗರ್ಭಕೋಶದ ಅಥವಾ ಅದರ ಕೊರಳಿನ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. ಮೊದಲಲ್ಲೇ ಕಂಡುಹಿಡಿದರೆ ಗುಣವಾಗುವ ರೋಗವದು. ಅಶೋಕಾರಿಷ್ಟದ ಬಾಟಲಿಗಳನ್ನು ಒಂದಾದಮೇಲೊಂದು ಮುಗಿಸುತ್ತ ಆರು ತಿಂಗಳು ಕಳೆದರೆ ಆ ಅವಕಾಶ ತಪ್ಪಿಹೋದೀತು. ಮುಟ್ಟು ನಿಲ್ಲುವ ಮೊದಲು ವಿಪರೀತವಾಗಿ ರಕ್ತ ಹೋಗುವುದನ್ನೂ ತೋರಿಸಿಕೊಳ್ಳಲೇಬೇಕು.

ರಾತ್ರಿ ಬೆವರುವುದರೊಂದಿಗೆ ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು ಇದ್ದರೆ ಕ್ಷಯವನ್ನು ಶಂಕಿಸಬೇಕು. ಕಫದ ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಸದಾ ಸೆಕೆ, ಕೈನಡುಕ, ಎದೆಬಡಿತ, ಹಸಿವಿದ್ದರೂ ಮೈ ಇಳಿಯುವುದು, ಇವು ಥೈರಾಯ್ಡ್ ಹೆಚ್ಚಿದ್ದರ ಗುರುತುಗಳು. ಎದೆಯಲ್ಲಿ ಭಾರ, ದವಡೆ ಅಥವಾ ಎಡತೋಳಿಗೆ ಹಬ್ಬುವ ನೋವು, ಏದುಸಿರಿನೊಂದಿಗೆ ತಣ್ಣನೆಯ ಬೆವರು ಬಂದರೆ ಅದು ಹೃದಯದ ಕರೆ. ಆಗ ಶರಬತ್ತು ಕಲಸುತ್ತ ಕೂಡಬಾರದು, ವಾಹನ ತರಿಸಬೇಕು. ನಲವತ್ತಕ್ಕೆ ಮೊದಲೇ ಮುಟ್ಟು ನಿಂತವರು, ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳನ್ನೂ ತೆಗೆಸಿಕೊಂಡವರು ನಾರುಬೇರನ್ನು ನಂಬಿ ಇರಬಾರದು. ಅಂಥವರ ಎಲುಬುಗಳೂ ಹೃದಯವೂ ಬೇಗನೆ ದುರ್ಬಲವಾಗುವ ಸಂಭವವುಂಟಾದುದರಿಂದ ವೈದ್ಯರ ಸಲಹೆ ಅಗತ್ಯ.

೬. ಹಾಗಾದರೆ ಮಾಡತಕ್ಕದ್ದೇನು?

ಮೈಬಿಸಿಗೆ ಈವರೆಗೆ ತಿಳಿದ ಮದ್ದುಗಳಲ್ಲಿ ಹಾರ್ಮೋನು ಚಿಕಿತ್ಸೆಯೇ ಹೆಚ್ಚು ಬಲವುಳ್ಳದ್ದು. ಅಮೆರಿಕದಲ್ಲಿ ೧೯೪೨ರಿಂದ ಅದು ಬಳಕೆಗೆ ಬಂದಿತು. ೧೬,೬೦೮ ಮಂದಿಯ ಮೇಲೆ ನಡೆದ ದೊಡ್ಡ ಪ್ರಯೋಗವೊಂದನ್ನು ೨೦೦೨ರಲ್ಲಿ ನಡುವೆಯೇ ನಿಲ್ಲಿಸಿ, ಎರಡು ಹಾರ್ಮೋನುಗಳನ್ನು ಕೂಡಿಸಿ ತೆಗೆದುಕೊಂಡವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಎಂಟರಂತೆ ಸ್ತನದ ಕ್ಯಾನ್ಸರ್ ಹೆಚ್ಚಾಯಿತೆಂದು ಪ್ರಕಟಿಸಿದಾಗ ಜಗತ್ತಿನ ಹೆಂಗಸರೆಲ್ಲ ಹೆದರಿದರು. ನಾರುಬೇರಿನ ಮಾರುಕಟ್ಟೆ ಬೆಳೆಯಲು ಆ ಹೆದರಿಕೆಯೂ ಒಂದು ಕಾರಣ. ಅರುವತ್ತರ ಒಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷ ಕಳೆಯದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ ಲಾಭವೇ ಹೆಚ್ಚೆಂದು ಮುಂದಿನ ವಿಮರ್ಶೆಗಳು ತೋರಿಸಿದುವು. ಸ್ತನದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ರೋಗ, ಯಕೃತ್ತಿನ ರೋಗವಿದ್ದವರಿಗೆ ಅದು ಸಲ್ಲದು. ಅವರಿಗೆ ಹಾರ್ಮೋನಲ್ಲದ ಬೇರೆ ಮಾತ್ರೆಗಳಿವೆ. ಇದನ್ನೆಲ್ಲ ತೂಗಿ ಹೇಳುವುದು ವೈದ್ಯರ ಕೆಲಸ.

ಅಷ್ಟು ತೀವ್ರವಲ್ಲದವರು ಮನೆಯಲ್ಲೇ ಮಾಡಬಹುದಾದ್ದು ಬಹಳವಿದೆ. ತೆಳುವಾದ ಹತ್ತಿಯ ಬಟ್ಟೆ, ಗಾಳಿಯಾಡುವ ಕೋಣೆ, ಮಲಗುವ ಮುನ್ನ ತಣ್ಣೀರಿನ ಸ್ನಾನ, ಹಾಸಿಗೆಯ ಬಳಿ ಒಂದು ಚೊಂಬು ನೀರು. ಮೈ ಹೆಚ್ಚು ಬೆಳೆದಿದ್ದರೆ ತೂಕ ಇಳಿಸುವುದರಿಂದ ಮೈಬಿಸಿಯೂ ಇಳಿಯುತ್ತದೆ. ಎಲೆ-ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಬಿಡಬೇಕು. ಎಲುಬಿಗಾಗಿ ರಾಗಿ, ಹಾಲು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ದಿನಕ್ಕೆ ಅರ್ಧ ಗಂಟೆಯ ನಡಿಗೆ.

ನಾರುಬೇರನ್ನೇ ತೆಗೆದುಕೊಳ್ಳುವ ಮನಸ್ಸಿದ್ದವರು ಐದು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಇದು ಯಾವ ಗಿಡ, ಗುರುತಿಸಿದವರು ಯಾರು? ಎಷ್ಟು ಪ್ರಮಾಣ? ಎಷ್ಟು ದಿನ? ಜೊತೆಗೆ ನುಂಗುವ ಮಾತ್ರೆಗಳು ಯಾವುವು? ಎಷ್ಟು ದಿನದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುವುದು? ಈ ಐದಕ್ಕೂ ಉತ್ತರ ಹೇಳಬಲ್ಲ ಕಲಿತ ಆಯುರ್ವೇದ ವೈದ್ಯರು ನಮ್ಮ ಸೀಮೆಯಲ್ಲಿ ಇದ್ದಾರೆ. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜೂ ಆಸ್ಪತ್ರೆಯೂ ಇವೆ. ಇಂಗ್ಲಿಷ್ ವೈದ್ಯರಲ್ಲಿಗೆ ಹೋದಾಗ ಕುಡಿಯುತ್ತಿರುವ ಕಷಾಯವನ್ನೂ, ಆಯುರ್ವೇದ ವೈದ್ಯರಲ್ಲಿಗೆ ಹೋದಾಗ ನುಂಗುತ್ತಿರುವ ಮಾತ್ರೆಯನ್ನೂ ಮುಚ್ಚಿಡದೆ ಹೇಳಬೇಕು. “ಬೈದಾರು” ಎಂದು ಮುಚ್ಚಿಡುವುದರಿಂದ ಆಗುವ ಕೇಡು ಬೈಗುಳಿಗಿಂತ ದೊಡ್ಡದು.

ಕೋಟದಲ್ಲಿ ೧೯೦೨ರಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಬರೆದು, ಯಾವ ವಿಷಯವನ್ನೂ ಕನ್ನಡದಲ್ಲಿ ಕೇಳಿ ತಿಳಿಯಬಹುದೆಂದು ತೋರಿಸಿಕೊಟ್ಟರು. ಅವರ ನೆಲದ ವಿದ್ಯಾರ್ಥಿಗಳು ಈ ವಿಷಯದಲ್ಲೂ ನಾಚಿಕೆ ಬಿಟ್ಟು ಕೇಳಬೇಕು. ಈ ರಜೆಯಲ್ಲಿ ಮನೆಗೆ ಹೋದಾಗ ತಾಯಿಯ ಗೂಡಿನಲ್ಲಿರುವ ಡಬ್ಬಿ ಬಾಟಲಿಗಳನ್ನು ಒಮ್ಮೆ ಕೆಳಗಿಳಿಸಿ ಹೆಸರು ಓದಿರಿ. “ಅಮ್ಮಾ, ರಾತ್ರಿ ನಿದ್ರೆ ಬರುತ್ತದೆಯೇ? ರಕ್ತ ಮತ್ತೆ ಕಾಣಿಸಿತ್ತೇ?” ಎಂದು ಹೆಣ್ಣುಮಕ್ಕಳು ಕೇಳಲಿ, ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ಗಂಡುಮಕ್ಕಳು ಹೊರಲಿ. ಮನೆಯವರೆಲ್ಲರ ಕಾಯಿಲೆಯಲ್ಲೂ ರಾತ್ರಿಯಿಡೀ ಎದ್ದು ಕುಳಿತವಳ ನಿದ್ರೆಗೆಟ್ಟ ರಾತ್ರಿಗಳನ್ನು ವಿಚಾರಿಸುವುದು ವಿದ್ಯಾವಂತರ ಮೊದಲ ಕರ್ತವ್ಯಗಳಲ್ಲೊಂದು.